ಹೈ-ರೆಸ್ ಆಡಿಯೊ ಯಾರಿಗೆ ಬೇಕು, ಯಾರಿಗೆ ಸಿಡಿ ಗುಣಮಟ್ಟವೇ ಸಾಕು?

ಸಂಗೀತದ ಆ್ಯಪಿನಲ್ಲಿ ಆಡಿಯೊ ಗುಣಮಟ್ಟದ ಸೆಟ್ಟಿಂಗ್ ತೆರೆದರೆ ಮೂರು-ನಾಲ್ಕು ಸಾಲು ಎದುರಾಗುತ್ತವೆ: ಸಾಧಾರಣ, ಹೆಚ್ಚು, ಲಾಸ್‌ಲೆಸ್, ಹೈ-ರೆಸ್ ಲಾಸ್‌ಲೆಸ್. ಕೊನೆಯದನ್ನು ಒತ್ತದಿದ್ದರೆ ಏನೋ ಕಳಕೊಂಡೆವೇನೋ ಎಂಬ ಅನುಮಾನ. ಒತ್ತಿದರೆ ದಿನದ ಡೇಟಾ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಇತ್ತ ಅಂಗಡಿಗೆ ಹೋದರೆ ಡಬ್ಬದ ಮೇಲಿನ ಕಪ್ಪು-ಚಿನ್ನದ ಬಣ್ಣದ ಹೈ-ರೆಸ್ ಗುರುತು ತೋರಿಸಿ ಎರಡು ಸಾವಿರ ಜಾಸ್ತಿ ಕೇಳುತ್ತಾರೆ.

ಆಯ್ಕೆಗಳು ಮುಖ್ಯವಾಗಿ ಮೂರು. ಒಂದು, 256 ಅಥವಾ 320 ಕೆಬಿಪಿಎಸ್‌ಗೆ (ಸೆಕೆಂಡಿಗೆ ಅಷ್ಟು ಸಾವಿರ ಬಿಟ್) ಕುಗ್ಗಿಸಿದ ಕಡತ (ಎಂಪಿ3, ಎಎಸಿ, ಆಗ್ ವೋರ್ಬಿಸ್). ಎರಡು, ಮೂಲದ ಏನನ್ನೂ ಕಳೆಯದ ಸಿಡಿ ಗುಣಮಟ್ಟದ ಲಾಸ್‌ಲೆಸ್, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್. ಮೂರು, ಅದಕ್ಕೂ ಮೇಲಿನ ಹೈ-ರೆಸ್: 24 ಬಿಟ್ ಜೊತೆ 48, 96 ಅಥವಾ 192 ಕಿಲೋಹರ್ಟ್ಸ್. ಡಿಎಸ್‌ಡಿ, ಎಂಕ್ಯೂಎ ಎಂಬ ಬೇರೆ ಎರಡು ಫಾರ್ಮ್ಯಾಟುಗಳ ಉಪಕಥೆಗಳೂ ಇವೆ. ಅವಕ್ಕೆ ಆಮೇಲೆ ಬರೋಣ.

ಯಾವುದರಿಂದ ಅಳೆಯಬೇಕು

ದೊಡ್ಡ ಅಂಕಿಯೇ ಒಳ್ಳೆಯದು ಎಂದು ಹೊರಟರೆ ಲೆಕ್ಕ ತಪ್ಪುತ್ತದೆ. ಐದು ಪ್ರಶ್ನೆಗಳಿಗೆ ಮೊದಲು ಉತ್ತರ ಕೊಟ್ಟುಕೊಳ್ಳಿ. ಎಲ್ಲಿ ಕೂತು ಕೇಳುತ್ತೀರಿ: ಬಸ್ಸಿನಲ್ಲೋ, ಬಾಗಿಲು ಹಾಕಿದ ಕೋಣೆಯಲ್ಲೋ? ಫೋನಿನಿಂದ ಕಿವಿಗೆ ಸದ್ದು ತಂತಿಯಲ್ಲಿ ಬರುತ್ತದೋ, ಬ್ಲೂಟೂತ್‌ನಲ್ಲೋ? ನೀವು ಹೆಚ್ಚಾಗಿ ಕೇಳುವುದು ಯಾವ ಕಾಲದ, ಹೇಗೆ ಮುದ್ರಣವಾದ ಸಂಗೀತ? ಡೇಟಾ, ಫೋನಿನ ಜಾಗ ಎಷ್ಟಿದೆ? ಕೊನೆಗೆ ದುಡ್ಡು: ಬರೀ ಚಂದಾ ಅಷ್ಟೇ ಅಲ್ಲ, ಡ್ಯಾಕ್ (ಕಡತದ ಅಂಕಿಗಳನ್ನು ಧ್ವನಿತರಂಗವಾಗಿಸುವ ಸಾಧನ), ಇಯರ್‌ಫೋನ್, ಸ್ಪೀಕರ್ ಎಲ್ಲ ಸೇರಿದ ದುಡ್ಡು.

ಈ ಐದರಲ್ಲಿ ಎರಡನೆಯದು ಎಷ್ಟೋ ಜನರ ವಿಷಯದಲ್ಲಿ ಉಳಿದ ನಾಲ್ಕನ್ನೂ ನುಂಗಿಹಾಕುತ್ತದೆ. ತೂತು ಕೊಡಕ್ಕೆ ಕಾವೇರಿ ನೀರು ಸುರಿದರೂ ಅಷ್ಟೇ, ಬೋರ್‌ವೆಲ್ ನೀರು ಸುರಿದರೂ ಅಷ್ಟೇ.

ಅಂಕಿಗಳು ನಿಜಕ್ಕೂ ಏನು ಹೇಳುತ್ತವೆ

44.1 ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ 44,100 ಸಲ ಧ್ವನಿತರಂಗದ ಅಳತೆ ತೆಗೆದದ್ದು. ನೈಕ್ವಿಸ್ಟ್-ಶಾನನ್ ಪ್ರಮೇಯದ ಪ್ರಕಾರ ಈ ದರದ ಅರ್ಧದವರೆಗಿನ, ಅಂದರೆ 22.05 ಕಿಲೋಹರ್ಟ್ಸ್‌ವರೆಗಿನ ಎಲ್ಲ ಕಂಪನಗಳನ್ನೂ ಇದರಿಂದ ಮರಳಿ ಕಟ್ಟಬಹುದು. ಮನುಷ್ಯನ ಕಿವಿಯ ಮಿತಿ ಎಳೆಯ ವಯಸ್ಸಿನಲ್ಲಿ 20 ಕಿಲೋಹರ್ಟ್ಸ್. ನಲವತ್ತೈವತ್ತು ದಾಟಿದವರಲ್ಲಿ ಹಲವರಿಗೆ 14-15ರ ಮೇಲೆ ಏನೂ ಕೇಳಿಸದು. ಸೋನಿ, ಫಿಲಿಪ್ಸ್ ಸೇರಿ ರೂಪಿಸಿ 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ಸಿಡಿ ಈ ಲೆಕ್ಕದ ಮೇಲೆಯೇ ನಿಂತಿದೆ.

ಜಾಹೀರಾತುಗಳಲ್ಲಿ ಸಿಡಿಯ ತರಂಗವನ್ನು ಮೆಟ್ಟಿಲು ಮೆಟ್ಟಿಲಾಗಿ, ಹೈ-ರೆಸ್ ತರಂಗವನ್ನು ನಯವಾದ ಗೆರೆಯಾಗಿ ಬರೆದಿರುತ್ತಾರೆ. ಆ ಚಿತ್ರ ದಾರಿ ತಪ್ಪಿಸುತ್ತದೆ. ಡ್ಯಾಕ್‌ನಿಂದ ಹೊರಬೀಳುವ ತರಂಗದಲ್ಲಿ ಮೆಟ್ಟಿಲುಗಳಿರುವುದಿಲ್ಲ. ಅದರೊಳಗಿನ ಫಿಲ್ಟರ್ ಬಿಂದುಗಳನ್ನು ಜೋಡಿಸಿ ಒಂದೇ ನಯವಾದ ಗೆರೆ ಮಾಡುತ್ತದೆ. ಆದ್ದರಿಂದ 96 ಕಿಲೋಹರ್ಟ್ಸ್ ಕಡತ ನಮ್ಮ ಕಿವಿಗೆ ಕೇಳುವ ವ್ಯಾಪ್ತಿಯಲ್ಲಿ 'ಇನ್ನೂ ಸೂಕ್ಷ್ಮ' ವಿವರ ತುಂಬುವುದಿಲ್ಲ. 22ರಿಂದ 48 ಕಿಲೋಹರ್ಟ್ಸ್‌ವರೆಗಿನ ಹೊಸ ಪಟ್ಟಿಯೊಂದನ್ನು ಸೇರಿಸುತ್ತದೆ, ಅಷ್ಟೇ. ಆ ಪಟ್ಟಿಯಲ್ಲಿ ಕಛೇರಿ ನಡೆದರೆ ಕೇಳುವುದಕ್ಕೆ ಬಾವಲಿಗಳೇ ಬರಬೇಕು.

ಬಿಟ್ ಲೆಕ್ಕ ಬೇರೆ. ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್ ಕೊಡುತ್ತದೆ. 16 ಬಿಟ್‌ಗೆ 96 ಡೆಸಿಬೆಲ್, 24 ಬಿಟ್‌ಗೆ ಕಾಗದದ ಮೇಲೆ 144. ಇದು ಅತಿ ಜೋರು ಸದ್ದಿಗೂ ತಳದಲ್ಲಿರುವ ಸುಯ್ ಎಂಬ ಗದ್ದಲಕ್ಕೂ ನಡುವಿನ ಅಂತರ. ಫ್ಯಾನು ತಿರುಗುವ ಕೋಣೆಯಲ್ಲಿ ಸುತ್ತಲಿನ ಸದ್ದೇ 40-50 ಡೆಸಿಬೆಲ್ ಇರುತ್ತದೆ. ಅದರ ಮೇಲೆ 96 ಸೇರಿಸಿದರೆ 140ರ ಆಸುಪಾಸು. ಆ ಮಟ್ಟಕ್ಕೆ ಬರುವ ಮೊದಲೇ ಕಿವಿ ನೋಯತೊಡಗುತ್ತದೆ. 24 ಬಿಟ್‌ನ ಪೂರ್ತಿ ಅಂತರವನ್ನು ಹೊರಗೆಡಹುವ ಡ್ಯಾಕ್ ಕೂಡ ಇಲ್ಲ. ಬಹಳ ಒಳ್ಳೆಯವೂ 120-130ರ ಹತ್ತಿರ ನಿಲ್ಲುತ್ತವೆ.

ಹಾಗಾದರೆ ಸ್ಟುಡಿಯೊದವರೇಕೆ 24 ಬಿಟ್ ಬಳಸುತ್ತಾರೆ? ಗಾಯಕರು ಯಾವ ಕ್ಷಣ ತಾರಸ್ಥಾಯಿಗೆ ಏರುತ್ತಾರೋ, ಚೆಂಡೆಯ ಪೆಟ್ಟು ಯಾವಾಗ ಬೀಳುತ್ತದೋ ಮೊದಲೇ ಗೊತ್ತಿರುವುದಿಲ್ಲ. ಮಟ್ಟವನ್ನು ಸಾಕಷ್ಟು ಕೆಳಗಿಟ್ಟು ಮುದ್ರಿಸಿ, ಆಮೇಲೆ ಏರಿಸಿದರೂ ಗದ್ದಲ ಮೇಲೇಳಬಾರದು. ಹತ್ತಾರು ಟ್ರ್ಯಾಕು ಬೆರೆಸಿ, ಈಕ್ಯೂ ಹಾಕಿ ಏರು-ತಗ್ಗು ಸ್ವರಗಳ ಹದ ತಿದ್ದುವಾಗಲೂ ಅಷ್ಟು ಅವಕಾಶ ಬೇಕು. ಅಡುಗೆಯವರಿಗೆ ದೊಡ್ಡ ಕೊಪ್ಪರಿಗೆ ಬೇಕು, ಉಣ್ಣುವವರಿಗೆ ಎಲೆ ಸಾಕು.

ಪರೀಕ್ಷೆಗಳಲ್ಲಿ ಸಿಕ್ಕಿದ್ದು

2007ರಲ್ಲಿ ಬ್ರಾಡ್ ಮೇಯರ್, ಡೇವಿಡ್ ಮೊರಾನ್ ಇಬ್ಬರೂ ಎಸ್‌ಎಸಿಡಿ, ಡಿವಿಡಿ-ಆಡಿಯೊ ಎಂಬ ಹೈ-ರೆಸ್ ತಟ್ಟೆಗಳ ಧ್ವನಿಯನ್ನು ನೇರವಾಗಿಯೂ 16 ಬಿಟ್, 44.1ರ ಪರಿವರ್ತಕದ ಮೂಲಕ ಹಾಯಿಸಿಯೂ ಕೇಳಿಸಿದರು. ಯಾವುದು ಯಾವುದೆಂದು ಕೇಳುಗರಿಗೆ ಗೊತ್ತಿರಲಿಲ್ಲ. 554 ಯತ್ನಗಳಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 18 ಪ್ರಯೋಗಗಳ 12,500ಕ್ಕೂ ಹೆಚ್ಚು ಯತ್ನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಸರಾಸರಿ 52.3 ಶೇಕಡಾ ಬಂತು. ಮೊದಲೇ ತರಬೇತಿ ಪಡೆದವರಲ್ಲಿ ಸುಮಾರು 60 ಶೇಕಡಾ. ಅಂದರೆ ವ್ಯತ್ಯಾಸ ಸೊನ್ನೆಯೆಂದು ಖಡಾಖಂಡಿತವಾಗಿ ಹೇಳಲಾಗದು. ಆದರೆ ಕಿವಿಯನ್ನು ಅದಕ್ಕೆಂದೇ ಪಳಗಿಸಿಕೊಂಡವರೂ ಹತ್ತರಲ್ಲಿ ನಾಲ್ಕು ಸಲ ತಪ್ಪುವಷ್ಟು ಸಣ್ಣದು.

ಮೇಯರ್, ಮೊರಾನ್ ಗಮನಿಸಿದ ಇನ್ನೊಂದು ಸಂಗತಿ ನಮಗೆ ಹೆಚ್ಚು ಉಪಯೋಗದ್ದು. ಹೈ-ರೆಸ್ ತಟ್ಟೆಗಳು ಅದೇ ಆಲ್ಬಮ್ಮಿನ ಮಾಮೂಲಿ ಸಿಡಿಗಿಂತ ಹಲವು ಸಲ ನಿಜಕ್ಕೂ ಚೆನ್ನಾಗಿ ಕೇಳಿಸುತ್ತಿದ್ದವು. ಕಾರಣ ಬಿಟ್ಟೂ ಅಲ್ಲ, ಕಿಲೋಹರ್ಟ್ಸೂ ಅಲ್ಲ, ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಕೆಲಸ. ಮಾಮೂಲಿ ಸಿಡಿಯನ್ನು ರೇಡಿಯೊದಲ್ಲಿ, ಕಾರಿನಲ್ಲಿ ಜೋರಾಗಿ ಕೇಳಲೆಂದು ಒತ್ತಿ ಒತ್ತಿ ಚಪ್ಪಟೆ ಮಾಡಿರುತ್ತಾರೆ. ದುಬಾರಿ ತಟ್ಟೆ ಕೊಳ್ಳುವವರಿಗೆಂದು ಅದೇ ಹಾಡನ್ನು ಉಸಿರಾಡಲು ಬಿಟ್ಟು ಮಾಡಿರುತ್ತಾರೆ. ಒಂದೇ ಆಲ್ಬಮ್ಮಿಗೆ ಎರಡು ಮುದ್ರಣವಿದ್ದರೆ ಅಂಕಿ ನೋಡುವ ಬದಲು ಯಾವ ಮಾಸ್ಟರ್ ಎಂದು ನೋಡಿ. 16 ಬಿಟ್‌ನ ಒಳ್ಳೆಯ ಮಾಸ್ಟರ್ 24 ಬಿಟ್‌ನ ಕೆಟ್ಟ ಮಾಸ್ಟರನ್ನು ಯಾವತ್ತೂ ಸೋಲಿಸುತ್ತದೆ.

ಆಯ್ಕೆ ಒಂದು: 256-320ರ ಕುಗ್ಗಿಸಿದ ಕಡತ

ಗಂಟೆಗೆ 115ರಿಂದ 144 ಎಂಬಿ ಡೇಟಾ. ನಾಲ್ಕು ನಿಮಿಷದ ಹಾಡು 10 ಎಂಬಿಯ ಒಳಗೆ. ಬಸ್ಸಿನೊಳಗಿನ 75-80 ಡೆಸಿಬೆಲ್ ಗದ್ದಲದಲ್ಲಿ, ನಡೆಯುವಾಗ, ಅಡುಗೆ ಮಾಡುವಾಗ ಇದಕ್ಕಿಂತ ಹೆಚ್ಚಿನದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಎಲ್ಲಿ ಸೋಲುತ್ತದೆ? ಇಂಥ ಕಡತಗಳು ಕಿವಿಗೆ ಗೊತ್ತಾಗದೆಂದು ಅಂದಾಜಿಸಿದ ಭಾಗವನ್ನು ಎಸೆಯುತ್ತವೆ. 320ರಲ್ಲಿ ಈ ಅಂದಾಜು ತಪ್ಪುವುದು ಅಪರೂಪ. 128ಕ್ಕೆ ಇಳಿದಾಗ ಎರಡು ಕಡೆ ಸಿಕ್ಕಿಬೀಳುತ್ತದೆ. ಮೊದಲನೆಯದು ತಂಬೂರಿ. ತಂತಿಗಳನ್ನು ಹೊರುವ ಕುದುರೆಯ ಮೇಲಿಡುವ ದಾರದ ಎಳೆಯಿಂದ ಹುಟ್ಟುವ ಝೇಂಕಾರದಲ್ಲಿ ಮೇಲಿನ ಸ್ವರಾಂಶಗಳು ಎಡೆಬಿಡದೆ ಹೊರಳುತ್ತಿರುತ್ತವೆ; ಕಡಿಮೆ ಬಿಟ್ ದರದಲ್ಲಿ ಅದು ನೀರೊಳಗೆ ಕಲಕಿದಂತೆ ಸುಳಿಯತೊಡಗುತ್ತದೆ. ಎರಡನೆಯದು ಚೂಪಾದ ಪೆಟ್ಟು: ಖಂಜಿರ, ಮೋರ್ಸಿಂಗ್, ಯಕ್ಷಗಾನದ ಚಕ್ರತಾಳ. ಎನ್‌ಕೋಡರ್ ಧ್ವನಿಯನ್ನು ತುಂಡು ತುಂಡು ಮಾಡಿ ಕುಗ್ಗಿಸುವುದರಿಂದ ಪೆಟ್ಟಿನ ಗದ್ದಲ ಅದಕ್ಕಿಂತ ಮುಂಚಿನ ನಿಶ್ಶಬ್ದಕ್ಕೂ ಹರಡುತ್ತದೆ. 'ಟಕ್' ಎನ್ನಬೇಕಾದದ್ದು 'ಶ್ಟಕ್' ಆಗುತ್ತದೆ. ಕುಗ್ಗಿಸಿದ್ದು ಸಾಕೋ ಇಲ್ಲವೋ ಎಂದು ನೋಡಲು ಈ ಎರಡು ಬಗೆಯ ಹಾಡು ಹಾಕಿ. ಸಿನಿಮಾದ ಅಬ್ಬರದ ಹಾಡಿನಲ್ಲಿ ಪರೀಕ್ಷಿಸಿದರೆ ಏನೂ ತಿಳಿಯದು.

ಇನ್ನೊಂದು ಎಚ್ಚರಿಕೆ: ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಬೇಡಿ. ಎಂಪಿ3ಯಿಂದ ಎಎಸಿಗೆ, ಅಲ್ಲಿಂದ ವಾಟ್ಸ್‌ಆ್ಯಪಿಗೆ ಹೋಗುವಷ್ಟರಲ್ಲಿ ಪ್ರತಿ ಹಂತದಲ್ಲೂ ಒಂದಿಷ್ಟು ಉದುರಿರುತ್ತದೆ.

ಆಯ್ಕೆ ಎರಡು: ಸಿಡಿ ಗುಣಮಟ್ಟದ ಲಾಸ್‌ಲೆಸ್

ಕುಗ್ಗಿಸದ ಸಿಡಿ ಧ್ವನಿ 1,411 ಕೆಬಿಪಿಎಸ್. ಫ್ಲ್ಯಾಕ್ ಅಥವಾ ಆ್ಯಪಲ್‌ನ ಎಲ್ಯಾಕ್ ಇದನ್ನು ಒಂದು ಬಿಟ್ಟೂ ಕಳೆಯದೆ ಹೆಚ್ಚುಕಮ್ಮಿ 60 ಶೇಕಡಾ ಗಾತ್ರಕ್ಕೆ ಇಳಿಸುತ್ತವೆ. ಗಂಟೆಗೆ 350ರಿಂದ 400 ಎಂಬಿ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ 1.5 ಜಿಬಿಯ ಪ್ಯಾಕಿನಲ್ಲಿ ಎರಡು ಗಂಟೆ ಕೇಳಿದರೂ ಅರ್ಧ ಉಳಿಯುತ್ತದೆ.

ಸಂಗ್ರಹ ಮಾಡುವವರಿಗೆ ಇದರ ದೊಡ್ಡ ಲಾಭ ಕಿವಿಗೆ ಸಂಬಂಧಿಸಿದ್ದೇ ಅಲ್ಲ. ಮೂಲ ನಿಮ್ಮ ಕೈಯಲ್ಲೇ ಇರುತ್ತದೆ. ನಾಳೆ ಇನ್ನೊಂದು ಫಾರ್ಮ್ಯಾಟ್ ಬಂದರೆ ಇದರಿಂದಲೇ ಮಾಡಿಕೊಳ್ಳಬಹುದು. ಮನೆಯಲ್ಲಿ ಹಳೆಯ ಸಿಡಿಗಳಿದ್ದರೆ 'ಎಗ್ಸ್ಯಾಕ್ಟ್ ಆಡಿಯೊ ಕಾಪಿ'ಯಂಥ ತಂತ್ರಾಂಶದಲ್ಲಿ ಸೆಕ್ಯೂರ್ ಮೋಡ್ ಹಾಕಿ ಫ್ಲ್ಯಾಕ್ ಆಗಿ ತೆಗೆದಿಡಿ. ಗೀರು ಬಿದ್ದ ಕಡೆ ಅದು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಆ್ಯಪಲ್ ಮ್ಯೂಸಿಕ್ 2021ರ ಜೂನ್‌ನಲ್ಲಿ ಲಾಸ್‌ಲೆಸ್ಸನ್ನೂ ಹೈ-ರೆಸ್ಸನ್ನೂ ಹೆಚ್ಚುವರಿ ಶುಲ್ಕವಿಲ್ಲದೆ ಕೊಟ್ಟಿತು. ಸ್ಪಾಟಿಫೈ 2025ರ ಸೆಪ್ಟೆಂಬರಿನಲ್ಲಿ 24 ಬಿಟ್, 44.1ರವರೆಗಿನ ಲಾಸ್‌ಲೆಸ್ ಶುರುಮಾಡಿತು. ಹಾಗಾಗಿ ಲಾಸ್‌ಲೆಸ್ಸಿಗೆಂದು ಮೊದಲಿನಷ್ಟು ದುಡ್ಡು ಸುರಿಯಬೇಕಾಗಿಲ್ಲ. ಬರೀ ಇದಕ್ಕಾಗಿ ಆ್ಯಪ್ ಬದಲಿಸುವ ಮೊದಲು ನಿಮ್ಮ ಚಂದಾದ ಹಂತದಲ್ಲಿ ಲಾಸ್‌ಲೆಸ್ ಸೇರಿದೆಯೇ ನೋಡಿಕೊಳ್ಳಿ.

ಆಯ್ಕೆ ಮೂರು: ಹೈ-ರೆಸ್

24 ಬಿಟ್, 96ರ ಫ್ಲ್ಯಾಕ್ ಗಂಟೆಗೆ ಒಂದೂಕಾಲು ಜಿಬಿಯ ಆಸುಪಾಸು. 192 ಆದರೆ ಎರಡು ಜಿಬಿಗೂ ಮೇಲೆ. 128 ಜಿಬಿ ಕಾರ್ಡಿನಲ್ಲಿ ನಾಲ್ಕು ನಿಮಿಷದ ಹಾಡುಗಳು 320ರಲ್ಲಾದರೆ ಹನ್ನೆರಡು ಸಾವಿರ ಹಿಡಿಸುತ್ತವೆ, ಸಿಡಿ ಫ್ಲ್ಯಾಕ್‌ನಲ್ಲಿ ನಾಲ್ಕು ಸಾವಿರ ಚಿಲ್ಲರೆ, 96ರಲ್ಲಿ ಒಂದೂವರೆ ಸಾವಿರ. ಮುಕ್ಕಾಲು ಗಂಟೆಯ ಒಂದು ರಾಗ-ತಾನ-ಪಲ್ಲವಿಯೇ ಹತ್ತಿರ ಹತ್ತಿರ ಒಂದು ಜಿಬಿ.

ಇಷ್ಟಕ್ಕೆ ಸಿಗುವುದೇನು? ಹೊಸದಾಗಿ 24 ಬಿಟ್‌ನಲ್ಲೇ ಮುದ್ರಿಸಿದ, ಸದ್ದಿನ ಏರಿಳಿತ ತುಂಬ ಇರುವ ಸಂಗೀತದಲ್ಲಿ, ನಿಶ್ಶಬ್ದ ಕೋಣೆಯಲ್ಲಿ, ಒಳ್ಳೆಯ ಸಾಧನದಲ್ಲಿ ಒಂದು ಸಣ್ಣ ಸಾಧ್ಯತೆ. ಕೆಲವೊಮ್ಮೆ ಬೇರೆ, ಉತ್ತಮ ಮಾಸ್ಟರ್. ನಷ್ಟವೂ ಉಂಟು: 22 ಕಿಲೋಹರ್ಟ್ಸ್ ಮೇಲಿನ ಕಂಪನಗಳು ಅಗ್ಗದ ಆಂಪ್ಲಿಫೈಯರ್, ಟ್ವೀಟರ್‌ಗಳಿಗೆ (ಏರು ಸ್ವರ ನುಡಿಸುವ ಸಣ್ಣ ಸ್ಪೀಕರ್) ಹೊಕ್ಕಾಗ ಒಂದಕ್ಕೊಂದು ಬೆರೆತು ಕೇಳುವ ವ್ಯಾಪ್ತಿಯಲ್ಲೇ ಕಲಬೆರಕೆ ಸದ್ದು ಹುಟ್ಟಿಸಬಲ್ಲವು. 192ರ ಕಡತ 48ಕ್ಕಿಂತ ಬೇರೆಯಾಗಿ ಕೇಳಿಸಿತೆಂದರೆ ಅದು ಗುಣವೇ ಆಗಿರಬೇಕೆಂದಿಲ್ಲ, ಈ ದೋಷವೂ ಇರಬಹುದು.

ಹೈ-ರೆಸ್‌ನ 48, 96, 192ರಲ್ಲಿ ಒಂದನ್ನು ಆರಿಸಲೇಬೇಕೆಂದರೆ 24 ಬಿಟ್, 48 ಸಾಕು. ಫೋನಿಗೂ ಇಯರ್‌ಫೋನ್ ತಂತಿಗೂ ನಡುವೆ ಸಿಕ್ಕಿಸುವ ಆ್ಯಪಲ್‌ನ ಡಾಂಗಲ್‌ನಂಥ ಸಣ್ಣ ಡ್ಯಾಕ್‌ಗಳ ಮಿತಿಯೂ ಅದೇ, ಜಾಗವೂ ಸಹಿಸುವಷ್ಟು.

ಸಂಗೀತದ ಕಾಲವನ್ನೂ ಇಲ್ಲಿ ಲೆಕ್ಕಕ್ಕೆ ತನ್ನಿ. ಮದರಾಸಿನ ಸ್ಟುಡಿಯೊಗಳಲ್ಲಿ ಟೇಪಿನ ಮೇಲೆ ಮುದ್ರಣವಾದ ಅರವತ್ತು-ಎಪ್ಪತ್ತರ ದಶಕದ ಕನ್ನಡ ಚಿತ್ರಗೀತೆಗಳನ್ನು ನೋಡಿ. ಗದ್ದಲ ತಗ್ಗಿಸುವ ವ್ಯವಸ್ಥೆಯಿಲ್ಲದ ಟೇಪಿನ ಅಂತರ 60-70 ಡೆಸಿಬೆಲ್. 10-12 ಬಿಟ್‌ಗೆ ಸಮ. ಅದನ್ನು 24 ಬಿಟ್‌ನಲ್ಲಿ ಇಟ್ಟರೆ ಟೇಪಿನ ಸುಯ್ ಸದ್ದನ್ನು ಅತ್ಯಂತ ನಿಖರವಾಗಿ ಕಾಪಾಡಿದಂತಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರ ಆರಂಭದ 78 ಆರ್‌ಪಿಎಂ ತಟ್ಟೆಗಳಲ್ಲಂತೂ 8-10 ಕಿಲೋಹರ್ಟ್ಸ್ ಮೇಲೆ ಸಂಗೀತ ಎನ್ನುವಂಥದ್ದು ಇಲ್ಲವೇ ಇಲ್ಲ. ಇರುವುದು ಮುಳ್ಳಿನ ಕರಕರ. ಅಲ್ಲಿ ಬೆಲೆ ಬಾಳುವುದು ಒಳ್ಳೆಯ ತಟ್ಟೆಯಿಂದ, ಸರಿಯಾದ ವೇಗದಲ್ಲಿ, ಕೈಚಳಕದಿಂದ ಮಾಡಿದ ವರ್ಗಾವಣೆ.

ಡಿಎಸ್‌ಡಿ, ಎಂಕ್ಯೂಎ

ಡಿಎಸ್‌ಡಿ 1999ರ ಎಸ್‌ಎಸಿಡಿ ಜೊತೆ ಬಂದದ್ದು: ಒಂದೇ ಬಿಟ್, ಸೆಕೆಂಡಿಗೆ 28.2 ಲಕ್ಷ ಸಲ. ನಾಲ್ಕು ನಿಮಿಷಕ್ಕೆ 170 ಎಂಬಿ ಹತ್ತಿರ. ನಿಮಗೆ ಬೇಕಾದ ಮುದ್ರಣ ಅದರಲ್ಲಿ ಮಾತ್ರ ಸಿಗುವುದಾದರೆ ಸರಿ. ಹಾಗೇ ಹುಡುಕಿಕೊಂಡು ಹೋಗಬೇಕಾಗಿಲ್ಲ. 2014ರಲ್ಲಿ ಘೋಷಣೆಯಾದ ಎಂಕ್ಯೂಎಯನ್ನು ಬಿಟ್ಟುಬಿಡಿ. ಅದು ಪೂರ್ತಿ ಲಾಸ್‌ಲೆಸ್ ಅಲ್ಲ. ಕಂಪನಿ 2023ರಲ್ಲಿ ಆಡಳಿತಾಧಿಕಾರಿಗಳ ಕೈಗೆ ಹೋಗಿ ಆಮೇಲೆ ಮಾರಾಟವಾಯಿತು, ಸಂಗೀತ ಸೇವೆ ಟೈಡಲ್ 2024ರಲ್ಲಿ ಅದನ್ನು ಕೈಬಿಟ್ಟಿತು. ಡ್ಯಾಕ್ ಡಬ್ಬದ ಮೇಲೆ ಆ ಹೆಸರಿದ್ದರೆ ಅದಕ್ಕೆಂದು ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಫೋನಿನಿಂದ ಕಿವಿಗೆ ಬರುವ ದಾರಿ

ಬ್ಲೂಟೂತ್ ಇದ್ದರೆ ಹೈ-ರೆಸ್ ಚರ್ಚೆ ಬಹುಪಾಲು ಅಲ್ಲಿಗೇ ಮುಗಿಯಿತು. ಬ್ಲೂಟೂತ್‌ಗೆಂದು ಧ್ವನಿಯನ್ನು ಕುಗ್ಗಿಸುವ ಕೋಡೆಕ್‌ಗಳಲ್ಲಿ ಎಸ್‌ಬಿಸಿ ಹೆಚ್ಚೆಂದರೆ ಸುಮಾರು 328 ಕೆಬಿಪಿಎಸ್, ಎಎಸಿ ಸುಮಾರು 256, ಆಪ್ಟ್‌ಎಕ್ಸ್ ಎಚ್‌ಡಿ 576, ಸೋನಿಯ ಎಲ್‌ಡ್ಯಾಕ್ 990. ಸಿಡಿಗೇ 1,411 ಬೇಕು ಎಂಬುದನ್ನು ನೆನಪಿಡಿ. ಎಲ್‌ಡ್ಯಾಕ್ ಕೂಡ ಲಾಸ್‌ಲೆಸ್ ಅಲ್ಲ. ಜನಸಂದಣಿಯಲ್ಲಿ, ಫೋನ್ ಹಿಂದಿನ ಜೇಬಿನಲ್ಲಿದ್ದಾಗ ತಾನಾಗಿ 660ಕ್ಕೋ 330ಕ್ಕೋ ಇಳಿಯುತ್ತದೆ. ಐಫೋನಿನಲ್ಲಿ ಎಎಸಿ, ಎಸ್‌ಬಿಸಿ ಎರಡೇ. ಆಪ್ಟ್‌ಎಕ್ಸ್ ಲಾಸ್‌ಲೆಸ್ ಎಂಬುದು ಸಿಡಿ ಮಟ್ಟ ಮುಟ್ಟುತ್ತದೆ, ಆದರೆ ಫೋನ್, ಇಯರ್‌ಬಡ್ ಎರಡರಲ್ಲೂ ಅದು ಇರಬೇಕು. ಆಂಡ್ರಾಯ್ಡ್‌ನಲ್ಲಿ ಯಾವ ಕೋಡೆಕ್ ಓಡುತ್ತಿದೆಯೆಂದು ಡೆವಲಪರ್ ಆಯ್ಕೆಗಳಲ್ಲಿ ನೋಡಬಹುದು. ಬ್ಲೂಟೂತ್ ಕೇಳುಗರು ಆ್ಯಪಿನಲ್ಲಿ 'ಹೆಚ್ಚು' ಅಥವಾ ಸಾಮಾನ್ಯ ಲಾಸ್‌ಲೆಸ್ ಇಟ್ಟು ಸುಮ್ಮನಾಗಿ.

ಹೈ-ರೆಸ್ ಗುರುತಿನ ವಿಷಯ: ಜಪಾನ್ ಆಡಿಯೊ ಸೊಸೈಟಿ ಕೊಡುವ ಈ ಗುರುತು ಹೆಡ್‌ಫೋನಿಗೆ ಸಿಗಬೇಕಾದರೆ ಅದು 40 ಕಿಲೋಹರ್ಟ್ಸ್‌ವರೆಗೆ ನುಡಿಯಬೇಕು. ನಿಮ್ಮ ಕಿವಿಗೆ ಮುಟ್ಟುವ 20ರೊಳಗೆ ಅದು ಹೇಗೆ ನುಡಿಯುತ್ತದೆ, ಬಾಸ್ ಉಬ್ಬಿದೆಯೇ, ಧ್ವನಿ ಮೂಗಿನಲ್ಲಿ ಹಾಡಿದಂತಿದೆಯೇ ಎಂದು ಆ ಗುರುತು ಹೇಳುವುದಿಲ್ಲ.

ತಂತಿಯಲ್ಲಿ ಕೇಳುವವರಿಗೆ ಡಾಂಗಲ್ ಬೇಕಾಗುತ್ತದೆ. ಒಳಗೆ ಡ್ಯಾಕ್ ಚಿಪ್ ಇಲ್ಲದ ನೂರಿನ್ನೂರು ರೂಪಾಯಿಯ ಡಾಂಗಲ್ ಎಷ್ಟೋ ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ. 'ಡ್ಯಾಕ್ ಇದೆ' ಎಂದು ಬರೆದದ್ದನ್ನೇ ಕೊಳ್ಳಿ. ಸುಮಾರು ಸಾವಿರ ರೂಪಾಯಿಯ ಆ್ಯಪಲ್ ಯುಎಸ್‌ಬಿ-ಸಿ ಡಾಂಗಲ್ ಅಳತೆಯಲ್ಲಿ ಬಹಳ ಒಳ್ಳೆಯದು, ಆದರೆ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದರ ಸದ್ದು ತೀರಾ ಸಣ್ಣದಾಗಿ ಬರುತ್ತದೆ. ಕೆಲವು ಫೋನುಗಳಲ್ಲಿ ಒಟಿಜಿ ಸೆಟ್ಟಿಂಗ್ ಆನ್ ಮಾಡದಿದ್ದರೆ ಡಾಂಗಲ್ ಗುರುತಿಸುವುದೇ ಇಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಅದು ತಾನೇ ಆಫ್ ಆಗುತ್ತದೆ.

ಡಾಂಗಲ್ ಹಾಕಿದರೂ ಆಂಡ್ರಾಯ್ಡ್ ಸಾಮಾನ್ಯವಾಗಿ ಎಲ್ಲ ಸದ್ದನ್ನೂ 48 ಕಿಲೋಹರ್ಟ್ಸ್‌ಗೆ ಬದಲಿಸಿ ಕಳಿಸುತ್ತದೆ. ಅಂದರೆ ನೀವು 192ಕ್ಕೆ ಡೇಟಾ ಸುರಿದರೂ ಹೊರಬರುವುದು 48. ಆಂಡ್ರಾಯ್ಡ್ 14ರಿಂದ ಯುಎಸ್‌ಬಿಗೆ ನೇರ ದಾರಿ ಇದೆ, ಆದರೆ ಆ್ಯಪ್ ಅದನ್ನು ಬಳಸಬೇಕು. 'ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊ' ಅದಕ್ಕೂ ಮೊದಲಿನಿಂದ ತನ್ನದೇ ದಾರಿ ಮಾಡಿಕೊಂಡಿದೆ. ವಿಂಡೋಸ್‌ನಲ್ಲಿ ಪ್ಲೇಯರನ್ನು ದರ ಬದಲಿಸದೆ ಕಳಿಸುವ ವಸಾಪಿ ಎಕ್ಸ್‌ಕ್ಲೂಸಿವ್ ಮೋಡಿಗೆ ಹಾಕಿ. ಮ್ಯಾಕ್‌ನಲ್ಲಿ 'ಆಡಿಯೊ ಮಿಡಿ ಸೆಟಪ್' ತೆರೆದು ದರ ನೋಡಿಕೊಳ್ಳಿ. ಡ್ಯಾಕ್‌ನಲ್ಲಿ ಬಣ್ಣದ ದೀಪವೋ ಪುಟ್ಟ ಪರದೆಯೋ ಇದ್ದರೆ ನಿಜವಾಗಿ ಬರುತ್ತಿರುವ ದರ ಅಲ್ಲಿ ಗೊತ್ತಾಗುತ್ತದೆ.

ಹುಸಿ ಹೈ-ರೆಸ್ ಹಿಡಿಯುವುದು

ಸಿಡಿ ಕಡತವನ್ನೇ 96ಕ್ಕೆ ಹಿಗ್ಗಿಸಿ ಮಾರುವುದೂ ಉಂಟು. ಕೊಂಡ ಕಡತವನ್ನು ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲೋ ಆಡಾಸಿಟಿಯ ಸ್ಪೆಕ್ಟ್ರೋಗ್ರಾಮಿನಲ್ಲೋ (ಯಾವ ಕಂಪನ ಎಷ್ಟಿದೆಯೆಂದು ತೋರಿಸುವ ಚಿತ್ರ) ತೆರೆಯಿರಿ. 22 ಕಿಲೋಹರ್ಟ್ಸ್ ಹತ್ತಿರ ಚಾಕುವಿನಲ್ಲಿ ಕೊಯ್ದಂತೆ ನಿಂತು ಮೇಲೆಲ್ಲ ಕಪ್ಪಾಗಿದ್ದರೆ ಅದು ಸಿಡಿಯಿಂದ ಬಂದದ್ದು. ಕೊಯ್ತ 20ರಲ್ಲಿದ್ದರೆ ಮೂಲ 320ರ ಎಂಪಿ3 ಇರಬಹುದು, 16ರಲ್ಲಿದ್ದರೆ 128ರದ್ದು. ಹಳೆಯ ಟೇಪಿನಿಂದ ಬಂದದ್ದಾದರೆ ಮೇಲಿನವರೆಗೂ ಮಂಜಿನಂಥ ಗದ್ದಲ ಹಬ್ಬಿರುತ್ತದೆ. ಅದು ಮೋಸವಲ್ಲ, ಆದರೆ ಸಂಗೀತವೂ ಅಲ್ಲ.

ನಿಮ್ಮ ಕಿವಿಯನ್ನೇ ಕೇಳಿ

ದುಡ್ಡು ಹಾಕುವ ಮೊದಲು ಒಂದು ಸಂಜೆ ಇದಕ್ಕೆ ಕೊಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್2000 ಪ್ಲೇಯರ್, ಯಾವುದೆಂದು ಹೇಳದೆ ಕೇಳಿಸಿ ಗುರುತಿಸಲು ಹೇಳುವ ಅದರ ಎಬಿಎಕ್ಸ್ ಕಾಂಪರೇಟರ್ ಜೋಡಣೆ ಹಾಕಿಕೊಳ್ಳಿ, ಎರಡೂ ಉಚಿತ. ನಿಮಗೆ ಚೆನ್ನಾಗಿ ಪರಿಚಯವಿರುವ ಹಾಡಿನ ಅಸಲಿ 24 ಬಿಟ್, 96ರ ಕಡತ ಒಂದನ್ನು ತೆಗೆದುಕೊಂಡು ಅದರಿಂದಲೇ 16 ಬಿಟ್, 44.1ರ ಪ್ರತಿ ಮಾಡಿ, ಡಿದರ್ (ಬಿಟ್ ಇಳಿಸುವಾಗಿನ ದೋಷ ಮರೆಸಲು ಸೇರಿಸುವ ಸಣ್ಣ ಗದ್ದಲ) ಆನ್ ಇರಲಿ. ಎರಡು ಬೇರೆ ಅಂಗಡಿಯ ಕಡತಗಳನ್ನು ಹೋಲಿಸಿದರೆ ಮಾಸ್ಟರ್‌ಗಳನ್ನು ಹೋಲಿಸಿದಂತಾಗುತ್ತದೆ.

ಹೆಚ್ಚಿನವರು ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. 44.1ರ ಪ್ರತಿಯನ್ನು ಮತ್ತೆ 24 ಬಿಟ್, 96ಕ್ಕೆ ಹಿಗ್ಗಿಸಿ ಉಳಿಸಿ. ಹಾಗೆ ಮಾಡದಿದ್ದರೆ ಕಡತ ಬದಲಿಸುವಾಗ ಡ್ಯಾಕ್ ದರ ಬದಲಿಸಿಕೊಂಡು ಸಣ್ಣ 'ಟಿಕ್' ಎನ್ನುತ್ತದೆ, ಇಲ್ಲವೇ ಅರೆಗಳಿಗೆ ತಡೆಯುತ್ತದೆ; ನೀವು ಹಿಡಿಯುವುದು ಆ ಟಿಕ್ಕನ್ನು. ಎರಡರ ಮಟ್ಟ 0.1 ಡೆಸಿಬೆಲ್ ಒಳಗೆ ಸಮವಿರಲಿ. ತುಸು ಜೋರಾಗಿರುವುದು ಯಾವಾಗಲೂ 'ಸ್ಪಷ್ಟ', 'ತುಂಬಿಕೊಂಡಿದೆ' ಎನಿಸುತ್ತದೆ. ಅಂಗಡಿಗಳಲ್ಲಿ ದುಬಾರಿ ಪೆಟ್ಟಿಗೆ ಗೆಲ್ಲುವುದರ ಗುಟ್ಟೂ ಎಷ್ಟೋ ಸಲ ಅದೇ. ಹತ್ತು ಸೆಕೆಂಡಿನ ತುಣುಕನ್ನು ಆರಿಸಿ 16 ಸಲ ಪ್ರಯತ್ನಿಸಿ. 12 ಅಥವಾ ಹೆಚ್ಚು ಸರಿಯಾದರೆ ಬರೀ ಅದೃಷ್ಟದಿಂದ ಹಾಗಾಗುವ ಸಂಭವ 4 ಶೇಕಡಾಕ್ಕಿಂತ ಕಡಿಮೆ, ನಿಮಗೆ ವ್ಯತ್ಯಾಸ ಕೇಳಿಸುತ್ತಿದೆ ಎನ್ನಬಹುದು. 8, 9 ಬಂದರೆ ಊಹೆ. ನಡುವೆ ಅಂಕ ನೋಡಿ 'ಸಾಕು' ಎಂದು ನಿಲ್ಲಿಸಬಾರದು. ಇದೇ ಕ್ರಮದಲ್ಲಿ 320ರ ಎಂಪಿ3ಯನ್ನೂ ಹೋಲಿಸಿ. ಅಲ್ಲೇ ಸೋತರೆ ಹೈ-ರೆಸ್ ಪ್ರಶ್ನೆ ಏಳುವುದಿಲ್ಲ.

ದುಡ್ಡು ಎಲ್ಲಿ ಹಾಕಬೇಕು

ಎರಡು-ಮೂರು ಸಾವಿರದೊಳಗೆ: ತಂತಿಯ ಒಳ್ಳೆಯ ಇಯರ್‌ಫೋನ್, ಡ್ಯಾಕ್ ಇರುವ ಡಾಂಗಲ್. ಇಯರ್‌ಫೋನ್ ಜೊತೆ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನು ಹಾಕಿ ನೋಡಿ. ಕಿವಿಗೆ ಸರಿಯಾಗಿ ಕೂರದಿದ್ದರೆ ಬಾಸ್ ಸೋರಿಹೋಗುತ್ತದೆ. ಮೃದಂಗದ ತೊಪ್ಪಿಯ ಗುಂಕಿಯೇ ಇಲ್ಲ ಎನಿಸಿದರೆ ಮೊದಲ ಅನುಮಾನ ಅದರ ಮೇಲಿರಲಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಉಂಟು. ಆ್ಯಪಿನಲ್ಲಿ ಲಾಸ್‌ಲೆಸ್ ಇಡಿ.

ಹದಿನೈದು-ಇಪ್ಪತ್ತು ಸಾವಿರ ಇದ್ದು ಒಬ್ಬರೇ ಕೂತು ಕೇಳುವವರಾದರೆ ಹಿಂಭಾಗ ತೆರೆದಿರುವ ಹೆಡ್‌ಫೋನ್. ಹೊರಗಿನ ಸದ್ದು ಒಳಬರುತ್ತದೆ, ನಿಮ್ಮ ಸಂಗೀತ ಪಕ್ಕದವರಿಗೂ ಕೇಳುತ್ತದೆ, ಆದರೆ ವೀಣೆಯಂಥ ವಾದ್ಯಕ್ಕೆ ಬೇಕಾದ ಬಯಲು ಅದರಲ್ಲಿ ಸಿಗುತ್ತದೆ. ಇದರಲ್ಲಿ ಎಂಟು ಸಾವಿರ ಕಳೆದು ಡ್ಯಾಕ್‌ಗೆ ಹಾಕಬೇಡಿ. ಹೆಡ್‌ಫೋನಿನಿಂದ ಹೆಡ್‌ಫೋನಿಗೆ ಇರುವ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ. ಸರಿಯಾಗಿ ಮಾಡಿದ ಎರಡು ಡ್ಯಾಕ್‌ಗಳ ನಡುವಿನದು ಕೇಳುವುದು ಕಷ್ಟ. ಸದ್ದು ಸಾಲದೆ ಹೋದರೆ ಮಾತ್ರ ಆಂಪ್ ನೋಡಿ.

ಮನೆಮಂದಿಯೆಲ್ಲ ಕೇಳುವುದಾದರೆ ಸ್ಪೀಕರ್. ನಮ್ಮ ಮನೆಗಳಲ್ಲಿ ನೆಲಕ್ಕೆ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್, ಗೋಡೆ ಬೋಳು, ಮೇಲೆ ಕಾಂಕ್ರೀಟ್. ಕೈ ತಟ್ಟಿ ನೋಡಿ: 'ಟಂಗ್' ಎಂದು ಉಳಿದರೆ ಅಂಥ ಕೋಣೆಯಲ್ಲಿ 192 ಕಿಲೋಹರ್ಟ್ಸ್ ಹಾಕಿಯೂ ಸಾಹಿತ್ಯ ತಿಳಿಯದು. ನೆಲಕ್ಕೆ ದಪ್ಪ ಜಮಖಾನ, ಎದುರು ಗೋಡೆಗೆ ಪುಸ್ತಕದ ಕಪಾಟು, ಕಿಟಕಿಗೆ ಭಾರದ ಪರದೆ. ಸ್ಪೀಕರುಗಳು ಮತ್ತು ನೀವು ಸಮಭುಜ ತ್ರಿಕೋನದಲ್ಲಿರಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಮೂಲೆಗೆ ಒತ್ತಿಟ್ಟರೆ ಬಾಸ್ ಉಬ್ಬುತ್ತದೆ. ಒಂದಡಿ ಮುಂದಕ್ಕೆ ಎಳೆದು ಕೇಳಿ. ಇದಕ್ಕೆ ಖರ್ಚು ಸೊನ್ನೆ.

ಹೈ-ರೆಸ್ಸಿಗೆ ನಿಜವಾದ ಕೆಲಸ ಇರುವ ಜಾಗ

ಅದು ಮುದ್ರಿಸುವಾಗ. ಅಟ್ಟದ ಮೇಲೆ ತಾಳಮದ್ದಳೆಯ ಕ್ಯಾಸೆಟ್ಟುಗಳೋ ಅಜ್ಜಿ ಹಾಡಿದ ಸೋಬಾನೆಯ ಟೇಪೋ ಇದ್ದು ಕಂಪ್ಯೂಟರಿಗೆ ಹಾಕುವುದಾದರೆ 24 ಬಿಟ್, 48ರಲ್ಲಿ ತೆಗೆದುಕೊಳ್ಳಿ. ಕ್ಯಾಸೆಟ್ಟಿನ ಗುಣಕ್ಕೆ 16 ಸಾಕು, ಆದರೆ ಅರ್ಥಧಾರಿಯ ಅಬ್ಬರ ಯಾವಾಗ ಏರುತ್ತದೋ ತಿಳಿಯದು. 24 ಇದ್ದರೆ ಅತಿ ಜೋರಿನ ಜಾಗ ಮೈನಸ್ 12 ಡೆಸಿಬೆಲ್ ಹತ್ತಿರ ಇರುವಂತೆ ಮಟ್ಟ ಕೆಳಗಿಟ್ಟು ನಿಶ್ಚಿಂತೆಯಿಂದ ಮುದ್ರಿಸಬಹುದು. ಒಮ್ಮೆ ಸೊನ್ನೆ ದಾಟಿ ಒಡೆದ ಧ್ವನಿಯನ್ನು ಮತ್ತೆ ಕೂಡಿಸಲಾಗದು. ಮೊದಲು ಟೇಪ್ ಓದುವ ಹೆಡ್ಡನ್ನೂ ಟೇಪ್ ಎಳೆಯುವ ಲೋಹದ ಕ್ಯಾಪ್‌ಸ್ಟನ್ನನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಧ್ವನಿ ಮಬ್ಬಾಗಿದ್ದರೆ ಹೆಡ್ ಪಕ್ಕದ ಅಜಿಮುತ್ ಸ್ಕ್ರೂವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಿ, 'ಸ', 'ಶ' ಅಕ್ಷರಗಳು ಅತಿ ಚೂಪಾಗಿ ಕೇಳುವಲ್ಲಿ ನಿಲ್ಲಿಸಿ. ಮುದ್ರಿಸಿದ ಕಡತ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಶುದ್ಧಗೊಳಿಸದ ಮೂಲವನ್ನು ಫ್ಲ್ಯಾಕ್ ಮಾಡಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಸುಯ್ ಸದ್ದು ತೆಗೆಯುವ ಕೆಲಸವೆಲ್ಲ ಪ್ರತಿಯ ಮೇಲೆ ನಡೆಯಲಿ. ನೆಂಟರಿಷ್ಟರ ಫೋನಿಗೆ ಕಳಿಸಲು ಅದರಿಂದಲೇ ಒಂದು ಎಎಸಿ ಮಾಡಿಕೊಳ್ಳಿ. ಮಾತು, ಭಾಗವತಿಕೆಗೆ ಮೋನೊದಲ್ಲಿ 96 ಕೆಬಿಪಿಎಸ್ ಧಾರಾಳ.